ಅಪ್‌ಡೇಟ್: ಕೊನೆಗೂ ತಲೆ ನಾನೇ ಬೋಳಿಸಿಕೊಂಡೆ

ಹೋದ ವಾರ ಕೇಳಿದ್ದೆನಲ್ಲ, ನೆತ್ತಿ ಬಯಲಾಗ್ತಾ ಬಂದಿದೆ, ಪೂರ್ತಿ ಬೋಳಿಸೋದೇ ವಾಸಿ, ಆದ್ರೆ ಒಬ್ಬನೇ ಮಾಡ್ಕೊಳ್ಳೋಕೆ ಆಗುತ್ತಾ ಅಂತ. ಆಗುತ್ತೆ. ನಿನ್ನೆ ಮುಗಿಸಿದೆ, ಮುಕ್ಕಾಲು ಗಂಟೆ ಹಿಡೀತು.

ಮೊದಲು ಟ್ರಿಮ್ಮರ್ ಹಾಕಿ ಅಂದವರಿಗೆ ದೊಡ್ಡ ನಮಸ್ಕಾರ. ಉದ್ದ ಕೂದಲಿಗೆ ನೇರ ರೇಜರ್ ಇಟ್ಟಿದ್ರೆ ಬ್ಲೇಡ್ ಎರಡೇ ಎಳೆತಕ್ಕೆ ಕಟ್ಟಿಕೊಳ್ತಿತ್ತು. ಆಮೇಲೆ ಬಿಸಿನೀರಿನ ಸ್ನಾನ, ಶೇವಿಂಗ್ ಜೆಲ್, ಹೊಸ ಬ್ಲೇಡ್. ಮುಂದೆ, ಪಕ್ಕ ಎಲ್ಲ ಸಲೀಸು. ಕಷ್ಟ ಇರೋದು ಹಿಂದೆ. ಎರಡು ಕನ್ನಡಿ ಇಟ್ಕೊಂಡು ನೋಡಿದ್ರೆ ಕೈ ಎಡಕ್ಕೆ ಹೋಗ್ತಿದೆಯೋ ಬಲಕ್ಕೋ ಗೊತ್ತಾಗದೆ ತಲೆ ಕೆಟ್ಟುಹೋಯ್ತು. ಕೊನೆಗೆ ಕನ್ನಡಿ ಪಕ್ಕಕ್ಕಿಟ್ಟು, ಎಡಗೈ ಬೆರಳಲ್ಲಿ ಸವರಿ, ಎಲ್ಲಿ ಚುಚ್ಚುತ್ತೋ ಅಲ್ಲಿ ಬಲಗೈಲಿ ರೇಜರ್ ಆಡಿಸಿದೆ. ಸುಳಿ ಹತ್ತಿರ ಕೂದಲು ಒಂದೊಂದು ಕಡೆ ತಿರುಗಿರುತ್ತೆ, ಅಲ್ಲಿ ಚಿಕ್ಕ ಚಿಕ್ಕ ಎಳೆತವೇ ಗತಿ. ಒತ್ತಬೇಡಿ ಅಂತ ಹೇಳಿದ್ರಿ, ಕೇಳಲಿಲ್ಲ. ಕಿವಿ ಹಿಂದಿನ ಮೂಳೆ ಮೇಲೆ ಒಂದು ಗೀರು ಬಿತ್ತು. ಸಣ್ಣದೇ, ಆದ್ರೆ ರಕ್ತ ನಿಲ್ಲೋಕೆ ಸತಾಯಿಸಿತು.

ಯಾರೂ ಹೇಳದ ವಿಷಯ: ಮುಖಕ್ಕಿಂತ ಬುರುಡೆ ಎಷ್ಟು ಬೆಳ್ಳಗಿದೆ ಅಂದ್ರೆ, ದೂರದಿಂದ ಟೋಪಿ ಹಾಕಿದ ಹಾಗೆ ಕಾಣುತ್ತೆ. ಸನ್‌ಸ್ಕ್ರೀನ್ ಹಚ್ಚದೆ ಹೊರಗೆ ಹೋಗ್ತಿಲ್ಲ. ಶಾಂಪೂ ಮಾತ್ರ ಅಭ್ಯಾಸಬಲದಿಂದ ಮೊದಲಿನಷ್ಟೇ ಅಂಗೈಗೆ ಸುರ್ಕೊಂಡೆ.

ಇವತ್ತು ಟೀ-ಶರ್ಟ್ ಹಾಕ್ಕೊಳ್ಳುವಾಗ ಬಟ್ಟೆ ಆಗಲೇ ಕುರುಚಲಿಗೆ ಅಂಟಿ ನಿಂತಿತು. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತೆ, ಒಂದೇ ದಿನಕ್ಕೆ ಇಷ್ಟು ಒರಟಾ! ಗೀರು ಮಾಯ್ದ ಮೇಲೆ, ಭಾನುವಾರ ಮತ್ತೆ ಕೂರ್ತೀನಿ.