ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಒದ್ದ ಹಾಗೆ ಜರ್ಕ್, ಗೊತ್ತಿದ್ದವರು ಹೇಳಿ

ತೋಟದಮನೆ_ತೀರ್ಥಹಳ್ಳಿ:
ತಲೆ ಕೆಟ್ಟುಹೋಗಿದೆ. ಮನೆ ಕಾರು, ಆಟೋಮ್ಯಾಟಿಕ್, 78,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ ಗೇರ್ ಬದಲಾಗುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಆಗುತ್ತದೆ. ಬೆಳಿಗ್ಗೆ ಜಾಸ್ತಿ. ಬಿಸಿಯಾದ ಮೇಲೆ ಸ್ವಲ್ಪ ಕಮ್ಮಿ, ಘಾಟಿ ಹತ್ತುವಾಗ ಮತ್ತೆ ಶುರು. ಹೋದ ವಾರ ಅಮ್ಮನನ್ನು ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗಿದ್ದೆ, ಅವರಿಗೆ ಸೊಂಟನೋವು. ವಾಪಸ್ ಬರುವಾಗ ಸೋಮೇಶ್ವರ ದಾಟಿದ ಮೇಲೆ ಪ್ರತಿ ತಿರುವಿನಲ್ಲೂ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು, ಒಂದು ಮಾತೂ ಆಡಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು. ಸರ್ವೀಸ್ ಸೆಂಟರಿನವರು "ಆಟೋಮ್ಯಾಟಿಕ್ ಅಂದ್ರೆ ಹಾಗೇ ಸರ್" ಅಂದು ಕಳಿಸಿದರು. ಗೇರ್‌ಬಾಕ್ಸ್ ಇಳಿಸಲೇಬೇಕಾ?

ಸಾಗರದ_ಸವಾರ:
ಎಎಂಟಿ ಕ್ಲಚ್ ಹೋಗಿದೆ, ಎರಡು ಮಾತಿಲ್ಲ. ಎಎಂಟಿ ಒಳಗಿರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ತುಳಿಯುವ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಲರೇಟರ್ ಒತ್ತಿಕೊಂಡೇ ಗಾಡಿ ನಿಲ್ಲಿಸಿದರೆ ಪ್ಲೇಟ್ ಸುಡುತ್ತದೆ. ನಮ್ಮ ಊರಿನ ರಸ್ತೆಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ. ಸ್ಕ್ಯಾನರ್ ಹಾಕಿಸಿ, ಕ್ಲಚ್ ಹಿಡಿಯುವ ಜಾಗವನ್ನು ಗಾಡಿಯ ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ನನ್ನದಕ್ಕೆ ಹಾಗೆ ಮಾಡಿದ ಮೇಲೆ ಬೆಣ್ಣೆ.

ಘಾಟಿ_14_ತಿರುವು:
ನೀವು ಡಿ (ಡ್ರೈವ್) ಯಲ್ಲೇ ಇಟ್ಟು ಹತ್ತುತ್ತೀರಾ? ಆಗುಂಬೆಯ 14 ತಿರುವಿನಲ್ಲೂ ಗಾಡಿಗೆ ಎರಡಾ ಮೂರಾ ಅಂತ ಗೊಂದಲ. ಮ್ಯಾನುವಲ್ ಮೋಡಿಗೆ ಹಾಕಿ ಎರಡರಲ್ಲೇ ಬನ್ನಿ.

ಸಾಗರದ_ಸವಾರ:
ಡಿ ಯಲ್ಲಿ ಹತ್ತಿದರೆ ಏನೂ ಆಗುವುದಿಲ್ಲ ಮಾರಾಯ್ರೆ. ಅದಕ್ಕೇ ತಾನೇ ಆಟೋಮ್ಯಾಟಿಕ್ ತಗೊಂಡಿರುವುದು.

ಘಾಟಿ_14_ತಿರುವು:
ಹತ್ತುವುದು ಬಿಡಿ, ಇಳಿಯುವಾಗ? ಡಿ ಯಲ್ಲಿ ಬಿಟ್ಟು ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಸುಟ್ಟ ವಾಸನೆ. ಕೆಲವರಂತೂ ಪೆಟ್ರೋಲ್ ಉಳಿಸಲು ಎನ್ (ನ್ಯೂಟ್ರಲ್) ಗೆ ಹಾಕಿ ಇಳಿಯುತ್ತಾರೆ. ಎಂಜಿನ್ ಹಿಡಿತವೇ ಇರುವುದಿಲ್ಲ, ಜೀವಕ್ಕೇ ಅಪಾಯ.

ಸ್ಪ್ಯಾನರ್_ಶಿವಮೊಗ್ಗ:
ಸ್ವಲ್ಪ ನಿಲ್ಲಿ ಎಲ್ಲರೂ. ಅದು ಎಎಂಟಿ ಅಂತ ಯಾರು ಹೇಳಿದರು? ಎಎಂಟಿ, ಟಾರ್ಕ್ ಕನ್ವರ್ಟರ್, ಸಿವಿಟಿ, ಡಿಸಿಟಿ ನಾಲ್ಕೂ ಆಟೋಮ್ಯಾಟಿಕ್ಕೇ, ನಾಲ್ಕಕ್ಕೂ ಔಷಧ ಬೇರೆ. ತೋಟದಮನೆಯವರೇ, ಲಿವರಿನಲ್ಲಿ ಪಿ (ಪಾರ್ಕ್) ಇದೆಯಾ? ನಮ್ಮಲ್ಲಿ ಎಎಂಟಿ ಕಾರುಗಳಿಗೆ ಸಾಮಾನ್ಯವಾಗಿ ಪಿ ಇರುವುದಿಲ್ಲ.

ತೋಟದಮನೆ_ತೀರ್ಥಹಳ್ಳಿ:
ಪಿ ಇದೆ. ಆರು ಗೇರ್. ಪುಸ್ತಕದಲ್ಲಿ ಟಾರ್ಕ್ ಕನ್ವರ್ಟರ್ ಅಂತಲೇ ಇದೆ, ಈಗ ನೋಡಿದೆ. ಕಂಪನಿ ಹೆಸರು ಬೇಡ, ಸುಮ್ನೆ ಜಗಳ ಶುರುವಾಗುತ್ತದೆ.

ಸಾಗರದ_ಸವಾರ:
ಆದರೂ ಒಮ್ಮೆ ಕ್ಲಚ್ ನೋಡಿಸಿ.

ಸ್ಪ್ಯಾನರ್_ಶಿವಮೊಗ್ಗ:
ಅದರಲ್ಲಿ ನೀವು ಹೇಳುವ ಕ್ಲಚ್ ಪ್ಲೇಟೇ ಇಲ್ಲ ಅಣ್ಣ. ಇಲ್ಲಿ ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವುದು ಆಯಿಲ್ ತುಂಬಿದ ಕನ್ವರ್ಟರ್, ಗೇರ್ ಬದಲಾಗುವುದೂ ಆಯಿಲ್ ಒತ್ತಡದ ಮೇಲೇ. ಎಟಿಎಫ್, ಅಂದರೆ ಆ ಗೇರ್‌ಬಾಕ್ಸ್ ಆಯಿಲ್, ಯಾವಾಗ ಬದಲಿಸಿದ್ದು?

ತೋಟದಮನೆ_ತೀರ್ಥಹಳ್ಳಿ:
ಬದಲಿಸಿಯೇ ಇಲ್ಲ. ಲೈಫ್‌ಟೈಮ್ ಆಯಿಲ್ ಅಂದಿದ್ದರು.

ಜೀಪು_ಹೊಸನಗರ:
ನಮ್ಮ ಮನೆಯಲ್ಲಿ ಅಪ್ಪನ ಕಾಲದ ಜೀಪು ಇದೆ, ಮಳೆಗಾಲದಲ್ಲಿ ಅಡಿಕೆ ಮೂಟೆ ಹೇರಿಕೊಂಡು ಕೆಸರಿನಲ್ಲಿ ಹತ್ತುತ್ತದೆ, ಇವತ್ತಿಗೂ ಗೇರ್‌ಬಾಕ್ಸ್ ಬಿಚ್ಚಿಲ್ಲ. ಮುಂದೆ ವಿಂಚ್ ಹಾಕಿಸಿದ್ದೇನೆ, ಫೋಟೋ ಬೇಕಾದರೆ ಹಾಕುತ್ತೇನೆ.

ಘಾಟಿ_14_ತಿರುವು:
ಹಾಕಿ ಹಾಕಿ. ಯಾವ ಟೈರು?

ಸ್ಪ್ಯಾನರ್_ಶಿವಮೊಗ್ಗ:
ಜೀಪಿನದು ಬೇರೆ ಕಡೆ ಮಾತಾಡೋಣ. ಲೈಫ್‌ಟೈಮ್ ಅನ್ನುವ ಮಾತನ್ನು ಮಲೆನಾಡಿನಲ್ಲಿ ನಂಬಬೇಡಿ. ಏರು ಜಾಸ್ತಿ, ಆಯಿಲ್ ಕಾಯುವುದೂ ಜಾಸ್ತಿ. ಇನ್ನೊಂದು ಕೇಳುತ್ತೇನೆ, ಪಿ ಯಿಂದ ಆರ್ (ರಿವರ್ಸ್) ಗೆ ಹಾಕುವಾಗ ಸದ್ದು ಬರುತ್ತದಾ?

ತೋಟದಮನೆ_ತೀರ್ಥಹಳ್ಳಿ:
ಟಕ್ ಅನ್ನುತ್ತದೆ. ಮಳೆಗಾಲಕ್ಕಿಂತ ಮೊದಲಿನಿಂದಲೂ ಇದೆ. ಅದು ಬೇರೆ ವಿಷಯ ಅಂತ ಬರೆದಿರಲಿಲ್ಲ.

ಸ್ಪ್ಯಾನರ್_ಶಿವಮೊಗ್ಗ:
ಅದನ್ನೇ ಮೊದಲು ಹೇಳಬೇಕಿತ್ತು! ಎಂಜಿನ್ ಮೌಂಟ್, ಅಂದರೆ ಎಂಜಿನ್ ಹಿಡಿದಿರುವ ರಬ್ಬರ್ ಹಾಕಿದ ಬುಡ, ನೋಡಿ. ಬಾನೆಟ್ ಎತ್ತಿ, ಎಂಜಿನ್ ಚಾಲೂ ಇರಲಿ. ಮನೆಯಲ್ಲಿ ಡ್ರೈವಿಂಗ್ ಗೊತ್ತಿರುವವರು ಒಬ್ಬರು ಒಳಗೆ ಕೂತು ಹ್ಯಾಂಡ್‌ಬ್ರೇಕ್ ಎಳೆದು, ಫುಟ್‌ಬ್ರೇಕ್ ಗಟ್ಟಿಯಾಗಿ ತುಳಿದು, ಡಿ ಗೆ ಒಮ್ಮೆ ಆರ್ ಗೆ ಒಮ್ಮೆ ಹಾಕಲಿ. ನೀವು ಕಾರಿನ ಪಕ್ಕದಲ್ಲಿ ನಿಂತು ನೋಡಿ, ಮುಂದೆ ಖಂಡಿತ ನಿಲ್ಲಬೇಡಿ. ಎಂಜಿನ್ ಸ್ವಲ್ಪ ಅಲುಗುವುದು ಸಹಜ, ಎದ್ದು ಬಿದ್ದ ಹಾಗೆ ಆದರೆ ರಬ್ಬರ್ ಹೋಗಿದೆ.

ತೋಟದಮನೆ_ತೀರ್ಥಹಳ್ಳಿ:
ಈಗಷ್ಟೇ ನೋಡಿದೆ, ತಮ್ಮ ಒಳಗೆ ಕೂತಿದ್ದ. ಆರ್ ಗೆ ಹಾಕಿದ ಕೂಡಲೇ ಎಂಜಿನ್ ಒಂದು ಕಡೆ ಎದ್ದು ಕೂತಿತು. ಆಫ್ ಮಾಡಿ ಟಾರ್ಚ್ ಬಿಟ್ಟು ನೋಡಿದರೆ ಮೌಂಟಿನ ರಬ್ಬರ್ ಹರಿದು ಬಾಯಿ ಬಿಟ್ಟಿದೆ, ಕಿರುಬೆರಳು ಒಳಗೆ ಹೋಗುವಷ್ಟು ಸಂದು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಹೊಳೆಯುತ್ತಿದೆ. ಮೂರು ಸಲ ಸರ್ವೀಸಿಗೆ ಕೊಟ್ಟಿದ್ದೇನೆ, ಒಬ್ಬರೂ ಇಲ್ಲಿ ಕಣ್ಣು ಹಾಯಿಸಿಲ್ಲ!

ಸಾಗರದ_ಸವಾರ:
ಕ್ಲಚ್ ಅಲ್ಲ, ಒಪ್ಪಿದೆ. ನನ್ನ ಕಾರಿನ ಮೌಂಟನ್ನೂ ನಾಳೆ ನೋಡುತ್ತೇನೆ.

ತೋಟದಮನೆ_ತೀರ್ಥಹಳ್ಳಿ:
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೌಂಟ್ ಹಾಕಿಸಿದೆ. ಟಕ್ ಸದ್ದು ಪೂರ್ತಿ ಹೋಯಿತು. ನಿನ್ನೆ ಅಮ್ಮನ ಜೊತೆ ಮತ್ತೆ ಘಾಟಿ ಹತ್ತಿದೆ, ಆರಾಮಾಗಿ ಕೂತಿದ್ದರು. ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಎರಡರಿಂದ ಮೂರಕ್ಕೆ ಸಣ್ಣ ಜರ್ಕ್ ಉಳಿದಿದೆ. ಇನ್ನು ಎಟಿಎಫ್ ಅಲ್ವಾ? ಇಲ್ಲಿನ ಗ್ಯಾರೇಜಿನವರು ಯಾವ ಕಂಪನಿಯದಾದರೂ ನಡೆಯುತ್ತದೆ ಅನ್ನುತ್ತಾರೆ.

ಸ್ಪ್ಯಾನರ್_ಶಿವಮೊಗ್ಗ:
ನಡೆಯುವುದಿಲ್ಲ. ಪುಸ್ತಕದಲ್ಲಿ ಬರೆದ ಗ್ರೇಡೇ ಬೇಕು. ಕೆಳಗಿನ ಪ್ಲಗ್ ಬಿಚ್ಚಿದರೆ ಪೂರ್ತಿ ಇಳಿಯುವುದಿಲ್ಲ, ಕನ್ವರ್ಟರಿನಲ್ಲಿ ಬಹಳಷ್ಟು ಉಳಿಯುತ್ತದೆ. ಅದಕ್ಕೇ ಒಮ್ಮೆ ಬದಲಿಸಿ, ಸ್ವಲ್ಪ ಓಡಿಸಿ, ಇನ್ನೊಮ್ಮೆ ಬದಲಿಸಿ. ಲೆವೆಲ್ ನೋಡುವುದು ಕಂಪನಿ ಹೇಳಿದಷ್ಟು ಬಿಸಿಯಾದ ಮೇಲೆ, ಹೆಚ್ಚಿನವುಗಳಲ್ಲಿ ಎಂಜಿನ್ ಚಾಲೂ ಇರುವಾಗಲೇ. ಇಳಿದ ಎಣ್ಣೆಯನ್ನು ಬಿಳಿ ಬಟ್ಟೆಗೆ ಒಂದು ಹನಿ ಹಾಕಿ ಫೋಟೋ ಕಳಿಸಿ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಬೇರೆ ಮಾತು.

ಜೀಪು_ಹೊಸನಗರ:
ಟೈರ್ ಫೋಟೋ ಹಾಕಿದ್ದೇನೆ ನೋಡಿ.

ತೋಟದಮನೆ_ತೀರ್ಥಹಳ್ಳಿ:
ಆಯಿಲ್ ಶಿವಮೊಗ್ಗದಿಂದ ಬರಬೇಕು, ಶುಕ್ರವಾರ ಅಂದಿದ್ದಾರೆ. ಬಟ್ಟೆಯ ಫೋಟೋ ಆವತ್ತೇ ಹಾಕುತ್ತೇನೆ.