ಮೂರು ವಿಷಯಗಳಲ್ಲಿ ಪೇಪರ್ ಇದ್ದರೆ ಸೈಟೇಶನ್ ಲೆಕ್ಕ ಹೇಗೆ ತೋರಿಸಬೇಕು?

ತೊಗರಿ_ಕಣಜ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಅಸೋಸಿಯೇಟ್ ಪ್ರೊಫೆಸರ್ ಹುದ್ದೆಯ ಅರ್ಜಿಗೆ ಪ್ರಕಟಣೆಗಳ ಮತ್ತು ಸೈಟೇಶನ್‌ಗಳ (ಬೇರೆ ಪೇಪರ್‌ಗಳು ನಮ್ಮ ಪೇಪರನ್ನು ಉಲ್ಲೇಖಿಸಿದ ಲೆಕ್ಕ) ವಿವರ ಕೊಡಬೇಕು. ಒಟ್ಟು 31 ಪೇಪರ್: 17 ತೊಗರಿಯ ನೆಟೆ ರೋಗ, ಗೊಡ್ಡು ರೋಗದ ಮೇಲೆ, 9 ಎಲೆಯ ಫೋಟೊದಿಂದ ರೋಗ ಗುರುತಿಸುವ ಮಶೀನ್ ಲರ್ನಿಂಗ್ ಮೇಲೆ, 5 ರೋಗ ಹರಡುವ ಗಣಿತ ಮಾದರಿಗಳ ಮೇಲೆ. ಎಚ್-ಇಂಡೆಕ್ಸ್ (9 ಪೇಪರ್‌ಗೆ ತಲಾ ಕನಿಷ್ಠ 9 ಸೈಟೇಶನ್ ಇದ್ದರೆ ಎಚ್ 9) ಸೈಟೇಶನ್ ಎಣಿಸುವ ಮೂರು ಸಂಗ್ರಹಗಳಲ್ಲಿ ಬೇರೆ ಬೇರೆ: ಗೂಗಲ್ ಸ್ಕಾಲರ್‌ನಲ್ಲಿ 14, ಸ್ಕೋಪಸ್‌ನಲ್ಲಿ 9, ವೆಬ್ ಆಫ್ ಸೈನ್ಸ್‌ನಲ್ಲಿ 7 ಅಂತ ಬರುತ್ತದೆ. ಯಾವುದನ್ನು ಬರೆಯಬೇಕು?

ಇನ್ನೊಂದು ತೊಡಕು. ಮಶೀನ್ ಲರ್ನಿಂಗ್ ಪೇಪರ್ ಒಂದಕ್ಕೇ 60ಕ್ಕೂ ಹೆಚ್ಚು ಸೈಟೇಶನ್ ಇವೆ. ಗಣಿತದ ಪೇಪರ್‌ಗಳು ಒಳ್ಳೆಯ ಜರ್ನಲ್‌ನಲ್ಲೇ ಬಂದಿದ್ದರೂ 4, 5, 6ಕ್ಕೆ ನಿಂತಿವೆ. ಪಟ್ಟಿ ಓದಿದವರಿಗೆ ಗಣಿತದ ಕೆಲಸ ಜೊಳ್ಳು ಅನ್ನಿಸುವುದಿಲ್ಲವೇ? ಇದರ ಜೊತೆಗೆ ಸ್ಕೋಪಸ್ ನನ್ನೊಬ್ಬನನ್ನೇ ಇಬ್ಬರು ಲೇಖಕರು ಅಂತ ತೋರಿಸುತ್ತಿದೆ, ಎರಡನೆಯ ಪ್ರೊಫೈಲಿನ ಎಚ್ 4.

ಓಲೆಗರಿ (ಕಲಬುರಗಿ)

ಮೂರೂ ಸಂಖ್ಯೆ ಸರಿಯಾಗಿಯೇ ಇವೆ, ಎಣಿಸಿದ ಸಂಗ್ರಹಗಳು ಬೇರೆ ಬೇರೆ. ಗೂಗಲ್ ಸ್ಕಾಲರ್ ಪಿಎಚ್‌ಡಿ ಪ್ರಬಂಧ, ಪ್ರಿಪ್ರಿಂಟ್ (ಜರ್ನಲ್‌ಗೆ ಮೊದಲೇ ಹೊರಬಿಟ್ಟ ಪೇಪರ್), ಕಾಲೇಜು ವೆಬ್‌ಸೈಟಿನಲ್ಲಿ ಹಾಕಿದ ಪಿಡಿಎಫ್ ಎಲ್ಲವನ್ನೂ ಎಣಿಸುತ್ತದೆ. ಸ್ಕೋಪಸ್ ಆಯ್ದ ಜರ್ನಲ್, ಸಮ್ಮೇಳನ, ಪುಸ್ತಕಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ವೆಬ್ ಆಫ್ ಸೈನ್ಸ್ ಇನ್ನೂ ಬಿಗಿ. ಅದರಲ್ಲಿ ನಿಮ್ಮ ಸಂಸ್ಥೆ ಯಾವ ವರ್ಷದಿಂದ, ಯಾವ ಭಾಗಕ್ಕೆ ಚಂದಾ ಕಟ್ಟಿದೆ ಎಂಬುದರ ಮೇಲೆ ಕಾಣುವ ಸಂಖ್ಯೆಯೂ ಬದಲಾಗುತ್ತದೆ.

ಯಾವುದನ್ನು ಬರೆಯಬೇಕು ಅನ್ನುವುದಕ್ಕಿಂತ ಮೊದಲು ಆ ಎರಡು ಪ್ರೊಫೈಲ್ ಸೇರಿಸಿ. ಸೇರಿಸದೆ 9 ಮತ್ತು 4 ಕೂಡಿಸಿ 13 ಎಂದು ಬರೆಯಬೇಡಿ. ಎರಡು ಪಟ್ಟಿ ಒಂದಾದರೆ ಎಚ್ 9ಕ್ಕಿಂತ ಕಡಿಮೆಯಾಗದು, 13 ದಾಟದು. ಸಾಮಾನ್ಯವಾಗಿ 9ರ ಹತ್ತಿರವೇ ನಿಲ್ಲುತ್ತದೆ, ಏಕೆಂದರೆ ಹತ್ತನೆಯ ಮೆಟ್ಟಿಲಿಗೆ ಹತ್ತು ಪೇಪರ್‌ಗೂ ಹತ್ತತ್ತು ಸೈಟೇಶನ್ ಬೇಕು.

ಪ್ರೊಫೈಲ್ ಒಡೆಯಲು ನಮ್ಮ ಭಾಗದಲ್ಲಿ ಎರಡು ಕಾರಣ ಪದೇಪದೇ ಕಾಣುತ್ತವೆ. ಒಂದು ಹೆಸರು: ಪಾಟೀಲ, ಕುಲಕರ್ಣಿ, ಹಿರೇಮಠ ಅಡ್ಡಹೆಸರಿನ ಮುಂದೆ ಅದೇ ಇನಿಷಿಯಲ್ ಇರುವವರು ಬಹಳ ಮಂದಿ. ಒಂದು ಪೇಪರ್‌ನಲ್ಲಿ ಒಂದು ಇನಿಷಿಯಲ್, ಇನ್ನೊಂದರಲ್ಲಿ ಎರಡು ಹಾಕಿದರೆ ಯಂತ್ರಕ್ಕೆ ಅವರಿಬ್ಬರೂ ಬೇರೆಯೇ. ಇನ್ನೊಂದು ವಿಳಾಸ: 2014ರ ನವೆಂಬರ್ 1ರಂದು ಊರಿನ ಹೆಸರು ಗುಲಬರ್ಗಾದಿಂದ ಕಲಬುರಗಿಯಾಯಿತು, ವಿಶ್ವವಿದ್ಯಾಲಯದ ಹೆಸರಿನಲ್ಲಿ ಗುಲಬರ್ಗಾ ಹಾಗೆಯೇ ಉಳಿಯಿತು. ಒಂದೇ ವಿಭಾಗದವರ ಪೇಪರ್‌ಗಳು ಎರಡು ಊರಿನವು ಎಂಬಂತೆ ಕಾಣುತ್ತವೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದವರಿಗೆ ಇದರ ಮೇಲೆ ಇನ್ನೊಂದು ಪದರ ಸೇರುತ್ತದೆ. ಮೊದಲಿನ ಪೇಪರ್‌ಗಳಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ, ಆಮೇಲಿನವುಗಳಲ್ಲಿ ರಾಯಚೂರು.

ಸರಿಪಡಿಸುವ ಕ್ರಮ ಹೀಗೆ. ಮೊದಲು ಆರ್ಕಿಡ್ ತೆರೆದು (ಸಂಶೋಧಕರಿಗೆ ಕೊಡುವ 16 ಅಂಕಿಯ ಗುರುತು, ಉಚಿತ) 31 ಪೇಪರ್‌ಗಳನ್ನೂ ಡಿಒಐ (ಪೇಪರಿನ ಶಾಶ್ವತ ಗುರುತು) ಸಂಖ್ಯೆ ಹಾಕಿ ಸೇರಿಸಿ. ಆಮೇಲೆ ಸ್ಕೋಪಸ್‌ನ ಲೇಖಕ ಹುಡುಕಾಟದಲ್ಲಿ ಎರಡೂ ಪ್ರೊಫೈಲ್ ಟಿಕ್ ಮಾಡಿ ವಿಲೀನಕ್ಕೆ ಕೋರಿಕೆ ಕಳಿಸಿ. ಇದಕ್ಕೆ ಚಂದಾ ಬೇಕಿಲ್ಲ. ಕಳಿಸುವಾಗಲೇ ಪಟ್ಟಿಯನ್ನು ಒಂದೊಂದಾಗಿ ನೋಡಿ, ನಿಮ್ಮದಲ್ಲದ ಪೇಪರ್ ಇದ್ದರೆ ತೆಗೆಯಲು ಹೇಳಿ. ಸೇರಿಸಲು ಕೋರಿ, ತೆಗೆಯುವುದನ್ನು ಬಿಡುವವರೇ ಹೆಚ್ಚು. ಸಂದರ್ಶನದಲ್ಲಿ ಸಿಕ್ಕಿಬೀಳುವುದು ಅಲ್ಲಿಯೇ. ಕೋರಿಕೆ ಕೂಡಲೇ ಜಾರಿಯಾಗುವುದಿಲ್ಲ, ಕೊನೆಯ ದಿನಾಂಕಕ್ಕೆ ಸಾಕಷ್ಟು ಮೊದಲೇ ಕಳಿಸಿ. ಗೂಗಲ್ ಸ್ಕಾಲರ್‌ನಲ್ಲಿ ಪೇಪರ್ ತಾನಾಗಿ ಸೇರುವ ಸೆಟ್ಟಿಂಗ್ ಬದಲಿಸಿ, ಇಮೇಲಿನಲ್ಲಿ ಕೇಳಿ ಸೇರಿಸುವಂತೆ ಇಡಿ.

ಸರಾಸರಿ_ಸಾಕಲ್ಲ (ಬೀದರ್)

ಗಣಿತದ ಪೇಪರ್ ಬಗ್ಗೆ ನಿಮ್ಮ ಆತಂಕ ಸರಿಯಾದದ್ದು. ಎಚ್-ಇಂಡೆಕ್ಸ್‌ಗೆ ಅದನ್ನು ನೀಗಿಸುವ ಶಕ್ತಿ ಇಲ್ಲ. 2005ರಲ್ಲಿ ಅದನ್ನು ಮುಂದಿಟ್ಟ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಅವರೇ ಜೀವವಿಜ್ಞಾನದವರ ಎಚ್ ಭೌತವಿಜ್ಞಾನದವರಿಗಿಂತ ಹೆಚ್ಚಿರುತ್ತದೆ ಎಂದು ಅದೇ ಲೇಖನದಲ್ಲಿ ಗುರುತಿಸಿದ್ದರು. ಗಣಿತದ ಪೇಪರ್‌ನ ಕೊನೆಯಲ್ಲಿ ಉಲ್ಲೇಖಗಳು ಕಡಿಮೆ, ಅವುಗಳಲ್ಲಿ ಹಳೆಯವೇ ಹೆಚ್ಚು, ಬರೆಯುವ ಮಂದಿಯೂ ಕಡಿಮೆ. ಹೀಗಾಗಿ ಮೊದಲ ಮೂರು ನಾಲ್ಕು ವರ್ಷದಲ್ಲಿ ಸಿಗುವ ಸೈಟೇಶನ್ ಸಹಜವಾಗಿಯೇ ಕಡಿಮೆ.

ಎಚ್ ಎಷ್ಟು ಮುಚ್ಚಿಡುತ್ತದೆ ನೋಡಿ. 9 ಪೇಪರ್‌ಗೆ 62, 40, 21, 12, 9, 8, 6, 3, 1 ಎಂದು ಇಟ್ಟುಕೊಳ್ಳಿ. ಆರನೆಯದಕ್ಕೆ 8 ಇದೆ, ಏಳನೆಯದಕ್ಕೆ 6 ಮಾತ್ರ, ಆದ್ದರಿಂದ ಎಚ್ 6. ಆ 62 ನಾಳೆ 620 ಆದರೂ ಎಚ್ 6 ಆಗಿಯೇ ಉಳಿಯುತ್ತದೆ. ಐ10 (10 ಅಥವಾ ಹೆಚ್ಚು ಸೈಟೇಶನ್ ಇರುವ ಪೇಪರ್‌ಗಳ ಸಂಖ್ಯೆ) ಇಲ್ಲಿ 4.

ನಿಮಗೆ ಬೇಕಾದದ್ದು ಕ್ಷೇತ್ರಕ್ಕೆ ತಕ್ಕಂತೆ ತೂಗಿದ ಸೈಟೇಶನ್, ಎಂದರೆ ಎಫ್‌ಡಬ್ಲ್ಯುಸಿಐ. ಪೇಪರ್ ಬಂದ ವರ್ಷ ಮತ್ತು ಮುಂದಿನ 3 ವರ್ಷಗಳಲ್ಲಿ ಸಿಕ್ಕ ಸೈಟೇಶನ್ ಎಷ್ಟೋ, ಅದನ್ನು ಅದೇ ವರ್ಷದ, ಅದೇ ಕ್ಷೇತ್ರದ, ಅದೇ ಬಗೆಯ ಪೇಪರ್‌ಗಳ ಜಾಗತಿಕ ಸರಾಸರಿಯಿಂದ ಭಾಗಿಸುತ್ತಾರೆ. 1.00 ಬಂದರೆ ಜಗತ್ತಿನ ಸರಾಸರಿಯಷ್ಟು. ಬಗೆ ಅನ್ನುವುದು ಮುಖ್ಯ: ವಿಮರ್ಶಾ ಲೇಖನವನ್ನು ವಿಮರ್ಶಾ ಲೇಖನಗಳ ಜೊತೆಗೇ ತೂಗಬೇಕು, ಅವುಗಳಿಗೆ ಸೈಟೇಶನ್ ಹೆಚ್ಚು ಬರುತ್ತದೆ.

ಲೆಕ್ಕ ತಿಳಿಯಲಿ ಎಂದು ಕಾಲ್ಪನಿಕ ಸರಾಸರಿ ಹಾಕುತ್ತೇನೆ. ಸಸ್ಯರೋಗದಲ್ಲಿ ಸರಾಸರಿ 8 ಇದ್ದು ನಿಮಗೆ 12 ಸಿಕ್ಕಿದ್ದರೆ 1.5. ಮಶೀನ್ ಲರ್ನಿಂಗ್‌ನಲ್ಲಿ ಸರಾಸರಿ 20 ಇದ್ದು ನಿಮಗೆ ಅದೇ 12 ಇದ್ದರೆ 0.6. ಗಣಿತದಲ್ಲಿ ಸರಾಸರಿ 2 ಇದ್ದು ನಿಮಗೆ 4 ಇದ್ದರೆ 2.0. ಕಚ್ಚಾ ಸಂಖ್ಯೆಯಲ್ಲಿ ಕೊನೆಯಲ್ಲಿದ್ದದ್ದು ಈಗ ಮುಂದೆ ಬಂತು. ಜರ್ನಲ್ ಎರಡು ಕ್ಷೇತ್ರಕ್ಕೆ ಸೇರಿದ್ದರೆ ಸ್ಕೋಪಸ್ ಪದ್ಧತಿಯಲ್ಲಿ ಎರಡರ ಹರಾತ್ಮಕ ಸರಾಸರಿ (ಹಾರ್ಮೋನಿಕ್ ಮೀನ್) ತೆಗೆದುಕೊಳ್ಳುತ್ತಾರೆ. 8 ಮತ್ತು 20ಕ್ಕೆ ಅದು 11.43, ಸಾದಾ ಸರಾಸರಿಯಾಗಿದ್ದರೆ 14. ಹೀಗಾಗಿ ಆ 12 ಸೈಟೇಶನ್‌ನ ಪೇಪರ್ 1.05ಕ್ಕೆ ಬರುತ್ತದೆ. ಎಲೆಯ ಫೋಟೊ ಪೇಪರ್‌ಗಳಲ್ಲಿ ಕೆಲವು ಕೃಷಿ ಜರ್ನಲ್‌ನಲ್ಲಿ ಬಂದಿದ್ದರೆ ಅವನ್ನು ಮಶೀನ್ ಲರ್ನಿಂಗ್ ಎಂದು ತೂಗುವುದೇ ಇಲ್ಲ. ಅಲ್ಲಿ ಕ್ಷೇತ್ರವನ್ನು ಜರ್ನಲ್ ನಿರ್ಧರಿಸುತ್ತದೆ, ಪೇಪರ್ ಅಲ್ಲ. ಈ ಪದ್ಧತಿಯ ದೊಡ್ಡ ದೌರ್ಬಲ್ಯ ಇದೇ ಎಂದು ನನ್ನ ಅಭಿಪ್ರಾಯ.

5 ಪೇಪರ್‌ಗೆ ಸರಾಸರಿ ಎಫ್‌ಡಬ್ಲ್ಯುಸಿಐ ಮಾತ್ರ ಬರೆಯಬೇಡಿ. ನಾಲ್ಕು ಪೇಪರ್ 0.5ರಲ್ಲಿದ್ದು ಒಂದು 13 ಆದರೆ ಸರಾಸರಿ 3.0. ಅದು ಐದರಲ್ಲಿ ಯಾವ ಪೇಪರಿನ ವರ್ಣನೆಯೂ ಅಲ್ಲ. ಇಷ್ಟು ಚಿಕ್ಕ ಗುಂಪಿಗೆ ಪ್ರತಿ ಪೇಪರಿನ ಶೇಕಡಾ ಸ್ಥಾನ (ಅಂಥದೇ ಪೇಪರ್‌ಗಳಲ್ಲಿ ಶೇಕಡಾ ಎಷ್ಟಕ್ಕಿಂತ ಮುಂದಿದೆ ಎಂಬುದು) ಕೊಡುವುದು ಪ್ರಾಮಾಣಿಕ. ಕಳೆದ ಒಂದೆರಡು ವರ್ಷದ ಪೇಪರ್‌ಗಳನ್ನು ಹೊರಗಿಡಿ, ಒಂದೇ ಸೈಟೇಶನ್ನಿಗೆ ಸಂಖ್ಯೆ ಹಾರುತ್ತದೆ.

ಭೀಮಾತೀರ (ಯಾದಗಿರಿ)

ಸರ್, ಅರ್ಜಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಮೇಲಿದ್ರ ಅಂಕದ ಲೆಕ್ಕ ಬ್ಯಾರೇನೇ ಅದ ನೋಡ್ರಿ. ಅಲ್ಲಿ ನಿಮ್ಮ ಸೈಟೇಶನ್ ಯಾರೂ ಕೇಳಂಗಿಲ್ಲ, ಜರ್ನಲ್ ಇಂಪ್ಯಾಕ್ಟ್ ಫ್ಯಾಕ್ಟರ್ (ಆ ಜರ್ನಲ್‌ದ ಪೇಪರಿಗಿ ಸರಾಸರಿ ಎಷ್ಟು ಸೈಟೇಶನ್ ಅನ್ನೋದು) ಕೇಳ್ತಾರ. ವಿಜ್ಞಾನ, ಕೃಷಿ, ಇಂಜಿನಿಯರಿಂಗ್‌ಗೆ ಒಂದು ಪೇಪರಿಗಿ 8 ಅಂಕ, ಭಾಷೆ, ಸಮಾಜ ವಿಜ್ಞಾನಕ್ಕ 10. ಅದರ ಮ್ಯಾಲ ರೆಫರೀಡ್ (ತಜ್ಞರು ಪರಿಶೀಲಿಸೋ) ಜರ್ನಲ್‌ಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ದಿದ್ರ 5, 1ಕ್ಕಿಂತ ಕಮ್ಮಿ ಇದ್ರ 10, 1ರಿಂದ 2ಕ್ಕ 15, 2ರಿಂದ 5ಕ್ಕ 20, 5ರಿಂದ 10ಕ್ಕ 25, 10 ದಾಟಿದ್ರ 30.

ಇಬ್ಬರೇ ಬರ್ದಿದ್ರ ಒಬ್ಬೊಬ್ಬರಿಗೂ 70 ಪರ್ಸೆಂಟ್. ಮೂರು ಮಂದಿ ಅಥವಾ ಜಾಸ್ತಿ ಇದ್ರ ಮೊದಲ, ಮುಖ್ಯ ಅಥವಾ ಕರೆಸ್ಪಾಂಡಿಂಗ್ ಲೇಖಕರಿಗಿ 70, ಉಳಿದೋರಿಗಿ 30. ಇಂಪ್ಯಾಕ್ಟ್ 2.4 ಇರೋ ಜರ್ನಲ್‌ನಾಗ ನಾಕು ಮಂದಿ ಪೇಪರ್ ಅಂದ್ರ 8 ಮತ್ತ 20 ಕೂಡಿ 28. ನೀವು ಕರೆಸ್ಪಾಂಡಿಂಗ್ ಇದ್ರ 19.6, ಇಲ್ಲಾಂದ್ರ 8.4. ಅಸೋಸಿಯೇಟ್ ಹುದ್ದೆಗಿ ಕಮ್ಮಿ ಅಂದ್ರೂ 7 ಪ್ರಕಟಣೆ, 75 ಅಂಕ ಬೇಕ್ರಿ. 2025ರ ಜನವರಿಯಾಗ ಯುಜಿಸಿ ಹೊಸ ಕರಡು ಹೊರಡಿಸ್ಯದ, ಹಂಗಾಗಿ ನಿಮ್ಮ ಅಧಿಸೂಚನೆದಾಗ ಯಾವ ವರ್ಷದ ನಿಯಮ ಅಂತ ಬರ್ದಾರ ನೋಡಿಕೊಂಡೇ ಲೆಕ್ಕ ಹಾಕ್ರಿ.

ಇಂಪ್ಯಾಕ್ಟ್ ಫ್ಯಾಕ್ಟರ್ ಅಂದ್ರ ವೆಬ್ ಆಫ್ ಸೈನ್ಸ್ ನಡೆಸೋ ಕ್ಲಾರಿವೇಟ್ ಕಂಪನಿಯವರದು ಮಾತ್ರ. ಜರ್ನಲ್ ತನ್ನ ಮುಖಪುಟದಾಗ ಹಿಂದ ಮುಂದ ಏನೇನೋ ಹೆಸರು ಹಚ್ಚಿ ಹಾಕ್ಕೊಂಡ ಸಂಖ್ಯಾ ಬರೀಬ್ಯಾಡ್ರಿ, ಪರಿಶೀಲನಾದಾಗ ಹೊಡೆದು ಹಾಕ್ತಾರ. ಸ್ಕೋಪಸ್‌ದ ಸೈಟ್‌ಸ್ಕೋರ್ ಅನ್ನೋ ಜರ್ನಲ್ ಅಳತಿ 4 ವರ್ಷದ ಲೆಕ್ಕ, ಇಂಪ್ಯಾಕ್ಟ್ ಫ್ಯಾಕ್ಟರ್ 2 ವರ್ಷದ್ದು. ಒಂದರ ಬದ್ಲಿ ಇನ್ನೊಂದು ನಡೆಯಂಗಿಲ್ಲ.

ತೊಗರಿ_ಕಣಜ

ಎಲ್ಲರಿಗೂ ಧನ್ಯವಾದ. ನಮ್ಮಲ್ಲಿ ಸೈವಾಲ್ (ಸ್ಕೋಪಸ್ ಅಂಕಿಅಂಶ ತೋರಿಸುವ ಚಂದಾ ಸೇವೆ) ಚಂದಾ ಇಲ್ಲ. ಎಫ್‌ಡಬ್ಲ್ಯುಸಿಐ ಎಲ್ಲಿ ನೋಡಲಿ? ‘ಜಗತ್ತಿನ ಶೇಕಡಾ 2 ವಿಜ್ಞಾನಿಗಳ ಪಟ್ಟಿ’ಯಲ್ಲಿ ಇದ್ದೀರಾ ಅಂತ ಅರ್ಜಿಯಲ್ಲಿ ಒಂದು ಕಲಂ ಬೇರೆ ಇದೆ.

ಸರಾಸರಿ_ಸಾಕಲ್ಲ

ಓಪನ್‌ಅಲೆಕ್ಸ್ ಎಂಬ ಪೇಪರ್‌ಗಳ ಮುಕ್ತ ಸಂಗ್ರಹ ನೋಡಿ, 2022ರಿಂದ ಉಚಿತವಾಗಿ ಸಿಗುತ್ತಿದೆ. ಆರ್ಕಿಡ್ ಸಂಖ್ಯೆ ಹಾಕಿ ಹುಡುಕಿ. ಪ್ರತಿ ಪೇಪರ್‌ಗೂ ಅದರದೇ ಎಫ್‌ಡಬ್ಲ್ಯುಸಿಐ, ಶೇಕಡಾ ಸ್ಥಾನ ಇರುತ್ತವೆ. ಇಲ್ಲಿ ವಿಷಯವನ್ನು ಪೇಪರ್ ಮಟ್ಟದಲ್ಲೇ ಗುರುತಿಸುತ್ತಾರೆ, ಸುಮಾರು 4,500 ವಿಷಯಗಳಿವೆ. ಎರಡು ಹೊಲಗಳ ಬದುವಿನ ಮೇಲೆ ನಿಂತಂಥ ನಿಮ್ಮ ಪೇಪರ್‌ಗಳಿಗೆ ಇದು ಹೆಚ್ಚು ಹೊಂದುತ್ತದೆ. ಯಂತ್ರ ವಿಷಯವನ್ನು ತಪ್ಪಾಗಿ ಗುರುತಿಸಿರುವುದೂ ಉಂಟು, ಆದ್ದರಿಂದ 31ನ್ನೂ ಕಣ್ಣಿಂದ ನೋಡಿ. ಅಲ್ಲಿನ ಸಂಖ್ಯೆಯನ್ನು ಸ್ಕೋಪಸ್‌ನದು ಎಂದು ಮಾತ್ರ ಬರೆಯಬೇಡಿ, ಸಂಗ್ರಹ ಬೇರೆ.

ಶೇಕಡಾ 2ರ ಪಟ್ಟಿ ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶದಿಂದ ಮಾಡಿದ್ದು. ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಒಟ್ಟು ಸೈಟೇಶನ್, ಎಚ್, ಸಹಲೇಖಕರ ಸಂಖ್ಯೆಗೆ ತಗ್ಗಿಸಿದ ಎಚ್, ಒಬ್ಬರೇ ಬರೆದ, ಮೊದಲ ಅಥವಾ ಕೊನೆಯ ಹೆಸರಿದ್ದ ಪೇಪರ್‌ಗಳ ಸೈಟೇಶನ್, ಹೀಗೆ 6 ಅಳತೆ ಸೇರಿಸಿ ಒಂದು ಅಂಕ ಮಾಡುತ್ತಾರೆ. 22 ಕ್ಷೇತ್ರ, 174 ಉಪಕ್ಷೇತ್ರಗಳಲ್ಲಿ ಪ್ರತಿಯೊಬ್ಬರನ್ನೂ ಹೆಚ್ಚು ಪೇಪರ್ ಇರುವ ಉಪಕ್ಷೇತ್ರಕ್ಕೆ ಸೇರಿಸಿ ಸ್ಥಾನ ಹೇಳುತ್ತಾರೆ. ನಿಮ್ಮ 17 ಸಸ್ಯರೋಗ ಪೇಪರ್‌ಗಳು ಉಪಕ್ಷೇತ್ರ ನಿರ್ಧರಿಸುತ್ತವೆ, ಆದರೆ ಅಂಕದಲ್ಲಿ ಮಶೀನ್ ಲರ್ನಿಂಗ್ ಸೈಟೇಶನ್‌ಗಳೂ ಸೇರಿಬಿಡುತ್ತವೆ. ಬೇರೆ ಕ್ಷೇತ್ರದ ತೂಕ ಹೀಗೆ ನುಸುಳುವುದರಿಂದ ಬಹುಕ್ಷೇತ್ರದವರ ಸ್ಥಾನವನ್ನು ನಾನು ಎಚ್ಚರಿಕೆಯಿಂದಲೇ ಓದುತ್ತೇನೆ. ಇಡೀ ವೃತ್ತಿಜೀವನದ ಪಟ್ಟಿ ಬೇರೆ, ಒಂದು ವರ್ಷದ ಪಟ್ಟಿ ಬೇರೆ. ಇದ್ದರೆ ಯಾವುದರಲ್ಲಿ ಎಂದು ಬರೆಯಿರಿ, ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯುವುದರಲ್ಲಿ ಸಂಕೋಚವೇನೂ ಬೇಡ.

ಓಲೆಗರಿ

ಬರೆಯುವ ರೀತಿ ಕೇಳಿದ್ದಿರಿ. ಒಂದು ಸಾಲಿನಲ್ಲಿ ಮೂಲ, ದಿನಾಂಕ ಎರಡೂ ಇರಲಿ: ‘ಸ್ಕೋಪಸ್ ಪ್ರಕಾರ, ಇಂಥ ದಿನಾಂಕಕ್ಕೆ, ಎಚ್-ಇಂಡೆಕ್ಸ್ ಇಷ್ಟು, ಸ್ವಂತ ಉಲ್ಲೇಖ ಬಿಟ್ಟು ಇಷ್ಟು.’ ಅದರ ಕೆಳಗೆ ಮೂರು ಗುಂಪು ಬೇರೆ ಮಾಡಿ, ಪ್ರತಿ ಗುಂಪಿನಿಂದ ಎರಡು ಪೇಪರ್ ಆರಿಸಿ, ಅದರಲ್ಲಿ ನಿಮ್ಮ ಕೆಲಸ ಏನು (ಪ್ರಯೋಗವೋ, ಕೋಡ್‌ವೋ, ಮಾದರಿಯೋ) ಎಂದು ಒಂದೊಂದು ವಾಕ್ಯ, ಜೊತೆಗೆ ಶೇಕಡಾ ಸ್ಥಾನ. ಸ್ಕಾಲರ್‌ನ 14 ಬರೆಯಲೇಬೇಕೆಂದಿದ್ದರೆ ಸ್ಕೋಪಸ್ ಸಂಖ್ಯೆಯ ಪಕ್ಕದಲ್ಲಿ ಬರೆಯಿರಿ, ಅದರ ಬದಲಿಗೆ ಅಲ್ಲ.

ಪ್ರತಿ ಜರ್ನಲ್, ಪೇಪರ್ ಪ್ರಕಟವಾದ ವರ್ಷದಲ್ಲಿ ಸ್ಕೋಪಸ್ ಅಥವಾ ಯುಜಿಸಿ ಕೇರ್ ಪಟ್ಟಿಯಲ್ಲಿ (ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿ) ಇತ್ತು ಎಂಬುದಕ್ಕೆ ಪುಟದ ಪ್ರತಿ ಲಗತ್ತಿಸಿ. ಕೇರ್ ಪಟ್ಟಿ ನಿಲ್ಲಿಸಿದ ಪ್ರಕಟಣೆ 2025ರ ಫೆಬ್ರುವರಿಯಲ್ಲಿ ಬಂತು, ಸ್ಕೋಪಸ್ ಕೂಡ ಆಗಾಗ ಜರ್ನಲ್‌ಗಳನ್ನು ಕೈಬಿಡುತ್ತದೆ. ಆಗ ಇದ್ದದ್ದಕ್ಕೆ ಪುರಾವೆ ಈಗ ಹುಡುಕುವುದು ಕಷ್ಟ, ಇವತ್ತೇ ಉಳಿಸಿಕೊಳ್ಳಿ.