ನ್ಯಾಪಿಗೆ ಬದಲಾಯಿಸಿದ ಮೇಲೆ ನೆಟ್‌ವರ್ಕ್ ಕಾರ್ಡ್ ನಿಂತೋಗ್ತಿದೆ, ಸಹಾಯ ಮಾಡಿ

ಮಲೆನಾಡಿಗ:
ಎಲ್ರಿಗೂ ನಮಸ್ಕಾರ. ಲಿನಕ್ಸ್ ಕರ್ನಲ್‌ನಲ್ಲಿರೋ ಒಂದು ಹಳೇ ಗಿಗಾಬಿಟ್ ಕಾರ್ಡ್ ಡ್ರೈವರ್ ಸುಧಾರಿಸ್ತಾ ಇದೀನಿ. ಅದು ಪ್ಯಾಕೆಟ್‌ಗೊಂದು ಇಂಟರಪ್ಟ್ (ಸಿಪಿಯು ಮಾಡ್ತಿರೋ ಕೆಲಸ ನಿಲ್ಲಿಸಿ ಕರೆಯೋ ಸಿಗ್ನಲ್) ಹಾಕ್ತಿತ್ತು, 1500 ಬೈಟಿನ ಪ್ಯಾಕೆಟ್ ಅಂದ್ರೂ ಫುಲ್ ಸ್ಪೀಡಲ್ಲಿ ಸೆಕೆಂಡಿಗೆ 81 ಸಾವಿರ ಆಗತ್ತೆ, ನನ್ನ ಪುಟ್ಟ ಆರ್ಮ್ ಬೋರ್ಡಿನ ಒಂದು ಕೋರ್ ಅದಕ್ಕೇ ಹೋಗ್ತಿತ್ತು. ಈಗ ಮೊದಲ ಇಂಟರಪ್ಟ್‌ಗೇ ಇಂಟರಪ್ಟ್ ಆಫ್ ಮಾಡಿ ಕರ್ನಲ್ಲೇ ಕರೆಯೋ ಪೋಲ್ ಫಂಕ್ಷನ್‌ನಲ್ಲಿ ಸಲಕ್ಕೆ 64 ಪ್ಯಾಕೆಟ್ ತನಕ ಎತ್ಕೊಳ್ಳೋ ಹಾಗೆ ಬರ್ದಿದೀನಿ, ಕರ್ನಲ್‌ನ ಈ ವ್ಯವಸ್ಥೆಗೇ ನ್ಯಾಪಿ ಅನ್ನೋದು. ಸ್ಪೀಡ್ ಬಂತು, ಆದ್ರೆ ಹತ್ತಿಪ್ಪತ್ತು ನಿಮಿಷ ಐಪರ್ಫ್ (ನೆಟ್‌ವರ್ಕ್ ಸ್ಪೀಡ್ ಅಳೆಯೋ ಟೂಲ್) ಓಡಿದ್ರೆ ರಿಸೀವ್ ನಿಂತೋಗತ್ತೆ. ಲಿಂಕ್ ಲೈಟ್ ಉರೀತಾನೇ ಇರತ್ತೆ, ಇಂಟರಪ್ಟ್ ಕೌಂಟ್ ಅಲ್ಲಾಡಲ್ಲ, ಇಂಟರ್ಫೇಸ್ ಡೌನ್ ಕೊಟ್ರೆ ಆ ಕಮಾಂಡೇ ಹ್ಯಾಂಗ್. ಮೂರು ರಾತ್ರಿ ಆಯ್ತು.

ರಿಂಗ್‌ಬಫರ್:
ಡೌನ್ ಹ್ಯಾಂಗ್ ಆಗೋದೇ ದೊಡ್ಡ ಸುಳಿವು. ನ್ಯಾಪಿ ಡಿಸೇಬಲ್ ಅನ್ನೋದು ಶೆಡ್ಯೂಲ್ ಬಿಟ್ (ಪೋಲ್ ಇನ್ನೂ ಮುಗಿದಿಲ್ಲ ಅನ್ನೋ ಗುರುತು) ಇಳಿಯೋ ತನಕ ಕಾಯತ್ತೆ, ನಿಮ್ಮಲ್ಲಿ ಅದು ಇಳೀತಾನೇ ಇಲ್ಲ. ಪೋಲ್ ಫಂಕ್ಷನ್ 64ಕ್ಕಿಂತ ಕಮ್ಮಿ ವಾಪಸ್ ಕೊಟ್ರೆ ಕರ್ನಲ್ ನಿಮ್ಮನ್ನ ಮತ್ತೆ ಕರೆಯಲ್ಲ, ಕಂಪ್ಲೀಟ್ ಫಂಕ್ಷನ್ ಕರೆದು (ಪೋಲ್ ಮುಗೀತು ಅಂತ ಹೇಳಿ) ಇಂಟರಪ್ಟ್ ಆನ್ ಮಾಡಿದೀರಿ ಅಂತ ನಂಬಿರತ್ತೆ. ಎಲ್ಲೋ ಒಂದು ಕಡೆ ಕಂಪ್ಲೀಟ್ ಕರೀದೆ ಹೊರಗೆ ಬರ್ತಿದೀರಿ. ಹೊಸ ಬಫರ್ ಸಿಗದೇ ಇದ್ದಾಗ ಏನ್ ಮಾಡ್ತೀರಾ ನೋಡಿ.

ಮಲೆನಾಡಿಗ:
ಅಯ್ಯೋ, ಅಲ್ಲೇ ಬ್ರೇಕ್ ಹಾಕಿ ಲೂಪಿಂದ ಹೊರಗೆ ಬರ್ತಿದೀನಿ ಸರ್! ರಿಂಗ್ (ಕಾರ್ಡ್ ಪ್ಯಾಕೆಟ್ ತುಂಬೋ ಬಫರ್‌ಗಳ ಸಾಲು) ಖಾಲಿ ಆದ್ರೆ ಮಾತ್ರ ಕಂಪ್ಲೀಟ್ ಕರೀತಿದ್ದೆ.

ರಿಂಗ್‌ಬಫರ್:
ಹಂಗಾದ್ರೆ ಅದೇ. ಮೆಮೊರಿ ಕಮ್ಮಿ ಇರೋ ಬೋರ್ಡ್‌ನಲ್ಲಿ ಸ್ವಲ್ಪ ಹೊತ್ತಾದ್ಮೇಲೆ ಬಫರ್ ಸಿಗದೇ ಹೋಗೋದು ಮಾಮೂಲು. ಆಗ ಆ ಪ್ಯಾಕೆಟ್ ಬಿಟ್ಟು, ಹಳೇ ಬಫರನ್ನೇ ರಿಂಗಿಗೆ ವಾಪಸ್ ಹಾಕಿ, ಡ್ರಾಪ್ ಕೌಂಟರ್ ಒಂದು ಏರಿಸಿ ಮುಂದೆ ಹೋಗಿ. 64ಕ್ಕಿಂತ ಕಮ್ಮಿ ಆದ್ರೆ ಕಂಪ್ಲೀಟ್, ಪೂರ್ತಿ 64 ಆದ್ರೆ ಕಂಪ್ಲೀಟ್ ಕರೀಲೇಬಾರ್ದು.

ಕರಾವಳಿ_ಕರ್ನಲ್:
ಇನ್ನೊಂದು ವಿಷ್ಯ, ಆರ್ಮ್ ಅಂದ್ರಲ್ಲ, ಡಿಸ್ಕ್ರಿಪ್ಟರ್‌ನ (ರಿಂಗಿನ ಒಂದೊಂದು ಬಫರಿನ ವಿವರ) ಓನ್ ಬಿಟ್, ಅಂದ್ರೆ ಅದು ಈಗ ಕಾರ್ಡಿನದೋ ಡ್ರೈವರಿನದೋ ಅನ್ನೋ ಗುರುತು ನೋಡಿದ್ಮೇಲೆ ಲೆಂತ್ ಓದೋಕೆ ಮುಂಚೆ ಡಿಎಂಎ ರೀಡ್ ಬ್ಯಾರಿಯರ್ (ಓದೋ ಕ್ರಮ ಅದಲು ಬದಲಾಗದ ಹಾಗೆ ತಡೆಯೋ ಸೂಚನೆ) ಇದ್ಯಾ? ಇಲ್ಲಾಂದ್ರೆ ಒಮ್ಮೊಮ್ಮೆ ಹಳೇ ಲೆಂತ್ ಸಿಗತ್ತೆ, ಇಂಟೆಲ್ ಮಷೀನಲ್ಲಿ ಎಷ್ಟು ಟೆಸ್ಟ್ ಮಾಡಿದ್ರೂ ಇದು ಕಾಣೋದು ಕಷ್ಟ.

ಮಲೆನಾಡಿಗ:
ಇರ್ಲಿಲ್ಲ, ಹಾಕ್ದೆ. ನಿನ್ನೆ ರಾತ್ರಿಯಿಂದ 9 ಗಂಟೆ ಓಡಿದೆ, 940 ಮೆಗಾಬಿಟ್, ಡ್ರಾಪ್ ಕೌಂಟರ್‌ನಲ್ಲಿ 212, ಒಂದ್ಸಲನೂ ನಿಂತಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲ್ಲಾ ಸೇರಿಸಿ ಒಂದೇ ಪ್ಯಾಚ್ ಕಳಿಸ್ಲಾ?

ಕರಾವಳಿ_ಕರ್ನಲ್:
ಬೇಡ. ಬ್ಯಾರಿಯರ್ ಇಲ್ದೇ ಇದ್ದಿದ್ದು ಹಳೇ ಡ್ರೈವರ್‌ದೇ ಬಗ್ ಅಲ್ವಾ, ಅದನ್ನ ಬಗ್ ಫಿಕ್ಸ್‌ಗಳು ಹೋಗೋ ನೆಟ್ ಟ್ರೀಗೆ ಮೊದ್ಲು ಕಳಿಸಿ. ನ್ಯಾಪಿ ಕೆಲಸ ಹೊಸ ಫೀಚರ್‌ಗಳ ಟ್ರೀ ನೆಟ್-ನೆಕ್ಸ್ಟ್‌ಗೆ, ಮರ್ಜ್ ವಿಂಡೋ (ಹೊಸ ಕೆಲಸ ಮುಖ್ಯ ಕರ್ನಲ್‌ಗೆ ಸೇರಿಸೋ ಅವಧಿ) ನಡೀತಿದ್ರೆ ಆ ಎರಡು ವಾರ ಕಾಯಿರಿ.